ಅಲೆ, ಬೀಸು, ಹುಟ್ಟು: ಈಜುರೆಕ್ಕೆಯ ಚಲನೆಗೆ ನಾನು ಕಟ್ಟಿಕೊಂಡ ಪದಗಳು

ಮೀನಿನ ಈಜಿನ ಬಗೆಗಳನ್ನು ‘ಜಿಮ್ನೋಟಿಫಾರ್ಮ್’, ‘ಟೆಟ್ರಾಒಡಾಂಟಿಫಾರ್ಮ್’ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದವರಿಗೆ ಅದರ ಪಾಡು ಗೊತ್ತು. ಮೀನಿನ ಹೆಸರನ್ನೇ ಈಜಿಗೂ ಇಡುವ ಈ ದಾರಿ 1926ರಲ್ಲಿ ಅಮೆರಿಕದ ಮೀನುತಜ್ಞ ಬ್ರೀಡರ್ ಹಾಕಿದ್ದು. ಆ ಮೀನನ್ನೇ ನೋಡದವರಿಗೆ ಹೆಸರಿನಿಂದ ಏನೂ ಹೊಳೆಯುವುದಿಲ್ಲ. ನಾನು ಕ್ರಿಯಾಪದದಿಂದ ಹೆಸರು ತೆಗೆಯುತ್ತೇನೆ ಎಂದಾಗ, ‘ಇದು ನಡೆಯುವ ಮಾತಲ್ಲ’ ಎಂದವರೇ ಹೆಚ್ಚು.

ಮೊದಲ ಸಲ ಸೋತೆ. ‘ತರಂಗಗತಿ’, ‘ದೋಲನಗತಿ’ ಎಂದು ಕಾರ್ಡ್ ಅಚ್ಚು ಹಾಕಿಸಿದೆ. ಸುಮಾರು 1,800 ರೂಪಾಯಿ ನೀರಿಗೆ ಹೋಯಿತು. ಮಕ್ಕಳು ಓದಿದರು, ಮರುದಿನ ಮರೆತರು.

ಆಮೇಲೆ ತೊಟ್ಟಿಯ ಮೀನು ಈಜುವುದನ್ನು ಮೊಬೈಲ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್‌ನಂತೆ ಹಿಡಿಯತೊಡಗಿದೆ. ಟ್ಯೂಬ್‌ಲೈಟಿನ ಮಿನುಗಿಗೆ ವಿಡಿಯೊ ತುಂಬ ಪಟ್ಟೆ. ಎರಡು ತಿಂಗಳು ಹಾಳಾಯಿತು. ಬ್ಯಾಟರಿಯಿಂದ ಉರಿಯುವ ಎಲ್‌ಇಡಿ ತಂದ ಮೇಲೆ ಚಿತ್ರ ತಿಳಿಯಾಯಿತು. ತೊಟ್ಟಿ, ದೀಪ, ಮೀನು ಎಲ್ಲ ಸೇರಿ ಹದಿನಾಲ್ಕು ಹದಿನೈದು ಸಾವಿರ ಆಗಿರಬೇಕು. ಮೀನನ್ನು ಗಾಜಿನ ಪಕ್ಕದಲ್ಲೇ ಅಲುಗದಂತೆ ನಿಲ್ಲಿಸುವ ಉಪಾಯವನ್ನು ಮಾತ್ರ ಇಲ್ಲಿ ಬಿಟ್ಟುಕೊಡುವುದಿಲ್ಲ.

ಬ್ಲ್ಯಾಕ್ ಘೋಸ್ಟ್ ಮೀನಿನ ಹೊಟ್ಟೆಯಡಿಯ ರೆಕ್ಕೆ ರಿಬ್ಬನ್ನಿನಂತೆ ಉದ್ದಕ್ಕೆ ಹರಡಿದೆ. ಮುಂದೆ ಹೋಗುವಾಗ ಅಲೆ ತಲೆಯಿಂದ ಬಾಲದ ಕಡೆಗೆ ಓಡುತ್ತದೆ. ಪೈಪಿನೊಳಗೆ ಹಿಂದಕ್ಕೆ ಸರಿಯಬೇಕಾದರೆ ಮೈ ತಿರುಗಿಸುವುದೇ ಇಲ್ಲ, ಅಲೆಯನ್ನೇ ತಿರುಗಿಸುತ್ತದೆ. ಒಬ್ಬ ಹುಡುಗಿ ಗಾಜಿನ ಮೇಲೆ ಬೆರಳಿಟ್ಟು ಆ ಅಲೆಯ ಜೊತೆಗೇ ಓಡಿಸಿದಳು. ‘ಅಲೆ’ ಎಂಬ ಪದ ಅಲ್ಲೇ ನಿಂತಿತು.

ರೆಕ್ಕೆಯ ಉದ್ದದಲ್ಲಿ ಒಂದು ಪೂರ್ತಿ ಅಲೆಯೋ ಅದಕ್ಕಿಂತ ಹೆಚ್ಚೋ ಕಂಡರೆ ಅಲೆ. ಅರೆ ಅಲೆಗಿಂತ ಕಡಿಮೆಯಿದ್ದು, ಬೀಸಣಿಗೆಯಂತೆ ಇಡೀ ರೆಕ್ಕೆ ಆಡಿದರೆ ಬೀಸು. ನಡುವಿನದನ್ನು ‘ಅಲೆಬೀಸು’ ಎಂದು ಬರೆದುಕೊಳ್ಳುತ್ತೇನೆ. ಏಂಜೆಲ್ ಮೀನು ಎದೆಯ ರೆಕ್ಕೆಯನ್ನು ಅಗಲವಾಗಿ ಹಿಂದಕ್ಕೆ ತಳ್ಳಿ, ಮುಂದಕ್ಕೆ ತರುವಾಗ ಅಂಚನ್ನು ತಿರುಗಿಸಿ ನೀರು ಸೀಳಿಕೊಂಡು ತರುತ್ತದೆ. ಅದಕ್ಕೆ ‘ಹುಟ್ಟು’ ಎಂದೆ. ದೋಣಿ ನಡೆಸುವವರ ಪದ, ಯಾರಿಗೂ ವಿವರಿಸಬೇಕಾಗಿಲ್ಲ.

ನನ್ನ ಪದಗಳ ನಿಜವಾದ ಗೆಲುವು ಪಫರ್ ಮೀನಿನಲ್ಲಿ. ಹಳೆಯ ಹೆಸರು ಇಡೀ ಮೀನಿಗೆ ಅಂಟುತ್ತದೆ, ನನ್ನದು ರೆಕ್ಕೆಗೆ. ಬೆನ್ನಿನ ರೆಕ್ಕೆಯೂ ಹೊಟ್ಟೆಯಡಿಯ ರೆಕ್ಕೆಯೂ ಒಟ್ಟಿಗೆ ಬೀಸು. ನಿಧಾನವಾಗಿ ತೇಲುವಾಗ ಎದೆಯದು ಅಲೆ. ಒಂದೇ ಮೀನು, ಒಂದೇ ಗಳಿಗೆ, ಎರಡು ಚಲನೆ. ಎರಡನ್ನೂ ತಂಟೆಯಿಲ್ಲದೆ ಬರೆಯಬಹುದು.

ನಡುವೆ ಹಾಲಿನ ತೊಟ್ಟು ಬಿಟ್ಟು ರೆಕ್ಕೆಯ ಹಿಂದಿನ ನೀರಿನ ಸುಳಿ ನೋಡಲು ಹೊರಟೆ. ಚಿಕ್ಕ ಜಾಡಿಯಲ್ಲಿ ಎರಡು ಸುಳಿ ಚೆನ್ನಾಗಿ ಕಂಡವು, ನೀರು ಮಾತ್ರ ಸಂಜೆಯೊಳಗೆ ಕೆಟ್ಟಿತು. ಅದನ್ನು ಮತ್ತೆ ಹಿಡಿಯಬೇಕು.

ಕಳೆದ ಬೇಸಿಗೆಯಲ್ಲಿ ನಲವತ್ತರಷ್ಟು ಮಕ್ಕಳಿಗೆ, ಹಿಂದೆ ನೋಡಿರದ ಐದು ಮೀನುಗಳ ವಿಡಿಯೊ ಹಾಕಿದೆ. ಮೂವತ್ತಕ್ಕೂ ಹೆಚ್ಚು ಮಂದಿ ಐದನ್ನೂ ಸರಿಯಾಗಿ ಗುರುತಿಸಿದರು. ಕೊನೆಯದು ತೊರಕೆ, ಅಂದರೆ ಚಪ್ಪಟೆ ಮೈಯ ಸ್ಟಿಂಗ್‌ರೇ ಮೀನು. ಆ ಅಗಲವಾದ ಮೈಯಂಚು ಅದರ ಎದೆಯ ರೆಕ್ಕೆ ಎಂದಷ್ಟೇ ಹೇಳಿದ್ದೆ. ‘ಎದೆ ಅಲೆ’ ಎಂದು ಹಿಂದಿನ ಸಾಲಿನಿಂದ ಕೂಗು ಬಂತು.