ಪಾಡ್‌ಕಾಸ್ಟ್ ಎಪಿಸೋಡ್ ಅರ್ಧಕ್ಕೇ ನಿಲ್ಲಬಾರದು ಅಂದ್ರೆ: ನಾನು ಕಟ್ಟುವ ರೀತಿ

ಪಾಡ್‌ಕಾಸ್ಟನ್ನು ಯಾರೂ ಸುಮ್ನೆ ಕೂತು ಕೇಳಲ್ಲ. ಪಾತ್ರೆ ತೊಳೆಯುತ್ತಾ, ಬಸ್ಸಲ್ಲಿ ನಿಂತು, ವಾಕಿಂಗ್ ಮಾಡುತ್ತಾ ಕೇಳುತ್ತಾರೆ. ಅರ್ಧ ಗಮನ ನಮ್ಮ ಕಡೆ, ಇನ್ನರ್ಧ ಬೇರೆಲ್ಲೋ. ಓದುವವರಾದರೆ ಎರಡು ಪ್ಯಾರಾ ಹಿಂದೆ ಹೋಗಿ ನೋಡಿಕೊಳ್ಳುತ್ತಾರೆ. ಕೇಳುವವರು ಎಳೆ ತಪ್ಪಿತು ಅನಿಸಿದರೆ ಬೇರೆ ಏನೋ ಹಾಕಿಕೊಳ್ಳುತ್ತಾರೆ, ಅಷ್ಟೇ. ಹಾಗಾಗಿ ಎಡಿಟ್‌ಗೆ ಕೂತಾಗ ನಾನು ನೋಡೋದು ಒಂದೇ: ಈ ಹೊತ್ತಲ್ಲಿ ಕೇಳುಗರ ತಲೆಯಲ್ಲಿ ಯಾವ ಪ್ರಶ್ನೆ ಓಡುತ್ತಿದೆ? ಯಾವುದೂ ಇಲ್ಲ ಅಂದ್ರೆ ಆ ಭಾಗಕ್ಕೆ ಕತ್ತರಿ.

ಒಂದು ಎಪಿಸೋಡ್ ತಗೊಂಡೇ ಹೇಳುತ್ತೇನೆ. ಲಿಫ್ಟ್ ರಿಪೇರಿ ಮಾಡುವವರೊಬ್ಬರ ಜೊತೆ ಮಾತಾಡಿದ್ದೆ. ಈ ಕೆಲಸಕ್ಕೆ ಹೇಗೆ ಬಂದ್ರಿ, ಎಲ್ಲಿ ಕಲಿತ್ರಿ ಅಂತಲೇ ಶುರು ಮಾಡಿದ್ದು. ಮಾತಾಡುವವರ ಬಾಯಿ ಬಿಡಿಸೋಕೆ ಅದು ಬೇಕೇ ಬೇಕು. ಆದರೆ ಕೇಳುಗರಿಗೆ ಆಗಿನ್ನೂ ಅವರು ಯಾರೋ ಏನೋ, ಅವರ ಓದಿನ ಕಥೆ ಯಾಕೆ ಬೇಕು ಹೇಳಿ? ಮಾತು ಅರ್ಧ ದಾಟಿದ ಮೇಲೆ ಅವರು ಅಂದರು: ‘ಹಗ್ಗ ಕಡಿದು ಬೀಳುತ್ತೆ ಅಂತ ಜನ ಹೆದರ್ತಾರೆ. ನಮಗೆ ಹಗ್ಗದ ಭಯ ಇಲ್ಲ ಸರ್, ಬಾಗಿಲಿನ ಭಯ.’ ಆ ಮಾತನ್ನು ಅಲ್ಲಿಂದ ಎತ್ತಿ ಎಪಿಸೋಡ್‌ನ ಮೊದಲಿಗೆ ಇಟ್ಟೆ. ‘ಬಾಗಿಲಿನ ಭಯ’ ಅಂದ ತಕ್ಷಣ ಕಟ್. ಯಾಕೆ ಅನ್ನೋದು ಅಲ್ಲಿ ಇಲ್ಲ.

ಉತ್ತರವನ್ನೂ ಒಂದೇ ಸಲ ಕೊಡಲಿಲ್ಲ. ಲಿಫ್ಟಿಗೆ ಒಂದೇ ಹಗ್ಗ ಇರಲ್ಲ, ಹಲವು ಇರುತ್ತವೆ, ವೇಗ ಮೀರಿದರೆ ಹಳಿಯನ್ನು ಕಚ್ಚಿ ಹಿಡಿಯುವ ಬ್ರೇಕ್ ಬೇರೆ ಇರುತ್ತೆ ಅನ್ನೋದನ್ನು ಮೊದಲರ್ಧದಲ್ಲಿ ಹೇಳಿಸಿದೆ. ಬಾಗಿಲು ಇಡೀ ದಿನ ತೆರೆದು ಮುಚ್ಚುತ್ತಲೇ ಇರುತ್ತೆ, ಜನ ಕೈ ಅಡ್ಡ ಹಾಕೋದೂ ಅದಕ್ಕೇ, ಸಾಮಾನು ತಗುಲಿಸೋದೂ ಅದಕ್ಕೇ, ಹಾಗಾಗಿ ಕಾಟ ಕೊಡೋದು ಜಾಸ್ತಿ ಅದೇ ಅನ್ನುವ ಭಾಗ ಕೊನೆಯ ಹತ್ತಿರ ಬಂತು. ನಡುವೆ ಅವರು ಕೆಲಸ ಕಲಿತ ಕಥೆಯೂ ಬಂತು. ಅಷ್ಟು ಹೊತ್ತಿಗೆ ಅವರ ಮೇಲೆ ಆಸಕ್ತಿ ಹುಟ್ಟಿರುತ್ತಲ್ಲ, ಈಗ ಕೇಳುತ್ತಾರೆ.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಕಿಲ್ಲ. ಪೂರ್ತಿ ರೆಕಾರ್ಡಿಂಗ್ ಕೇಳುತ್ತಾ ಒಂದೊಂದು ತುಣುಕಿಗೆ ಒಂದೊಂದು ಚೀಟಿ ಬರೆಯುತ್ತೇನೆ. ಮೇಲೆ ವಿಷಯ, ಕೆಳಗೆ ಅದು ಎಬ್ಬಿಸುವ ಪ್ರಶ್ನೆ. ಆಮೇಲೆ ಮೇಜಿನ ಮೇಲೆ ಹರಡಿ ಜಾಗ ಬದಲಿಸುತ್ತಾ ಹೋಗೋದು. ಕೆಳಗೆ ಬರೆಯೋಕೆ ಏನೂ ಸಿಗದ ಚೀಟಿ ತಾನಾಗೇ ಪಕ್ಕಕ್ಕೆ ಹೋಗುತ್ತೆ, ಎಷ್ಟೇ ಚೆನ್ನಾಗಿ ಮಾತಾಡಿದ್ದರೂ ಸರಿ. ಒಂದು ಎಚ್ಚರಿಕೆ ಮಾತ್ರ: ಜಾಗ ಬದಲಿಸುವಾಗ ಅವರು ಹೇಳಿದ್ದರ ಅರ್ಥ ಬದಲಾಗಬಾರದು. ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇನ್ನೊಂದಕ್ಕೆ ಅಂಟಿಸೋದು ಮೋಸ.

ಇಂಟ್ರೋ ಬಗ್ಗೆ ನನಗೆ ತಕರಾರಿದೆ. ಮ್ಯೂಸಿಕ್, ಶೋ ಹೆಸರು, ನನ್ನ ಹೆಸರು, ಅತಿಥಿಯ ಪರಿಚಯ, ‘ಕೊನೆವರೆಗೂ ಕೇಳಿ’ ಅನ್ನುವ ಕೋರಿಕೆ... ಅಷ್ಟರಲ್ಲಿ ಬೆರಳು ಸ್ಕಿಪ್ ಬಟನ್ ಮೇಲೆ ಇರುತ್ತೆ. ಆಪಲ್ ಪಾಡ್‌ಕಾಸ್ಟ್ಸ್‌ನಲ್ಲಿ ಸೆಟ್ಟಿಂಗ್ ಬದಲಿಸದಿದ್ದರೆ ಒಂದು ಸಲ ಒತ್ತಿದರೆ 30 ಸೆಕೆಂಡ್ ಮುಂದೆ ಹೋಗುತ್ತೆ. ನಿಮ್ಮ ಇಂಟ್ರೋ 40 ಸೆಕೆಂಡ್ ಇದೆ ಅಂದುಕೊಳ್ಳಿ, ಅವರು ಎರಡು ಸಲ ಒತ್ತುತ್ತಾರೆ, ವಿಷಯದ ಮೊದಲ ಸಾಲುಗಳೂ ಜೊತೆಗೇ ಹೋಗುತ್ತವೆ. ನಾನು ಮೊದಲು ಆ ಒಂದು ಮಾತು, ಆಮೇಲೆ ಕೆಲವೇ ಸೆಕೆಂಡ್ ಮ್ಯೂಸಿಕ್ ಮತ್ತು ಹೆಸರು, ಅಲ್ಲಿಗೆ ಮುಗಿಸುತ್ತೇನೆ. ಪರಿಚಯ ಬೇಕಾದ ಕಡೆ ಬೇಕಾದಷ್ಟು.

ಮಧ್ಯದಲ್ಲಿ ಆಗಾಗ ‘ಲಿಫ್ಟ್ ರಿಪೇರಿ ಮಾಡುವ ಇವರ ಪ್ರಕಾರ’ ಅಂತ ನನ್ನ ದನಿಯಲ್ಲಿ ಒಂದು ಸಾಲು ಸೇರಿಸುತ್ತೇನೆ. ಫೋನ್ ಬಂತು ಅಂತ ನಿಲ್ಲಿಸಿ ಸಂಜೆ ಮತ್ತೆ ಹಾಕಿದವರಿಗೆ ಯಾರು ಮಾತಾಡ್ತಿದ್ದಾರೆ ಅನ್ನೋದೇ ಮರೆತಿರುತ್ತೆ. ರೇಡಿಯೋದವರು ಮೊದಲಿಂದಲೂ ಮಾಡೋದು ಇದನ್ನೇ.

ಎಲ್ಲಿ ಜನ ಬಿಟ್ಟು ಹೋದರು ಅನ್ನೋದು ಗ್ರಾಫ್‌ನಲ್ಲಿ ಕಾಣುತ್ತೆ. ಆಪಲ್, ಸ್ಪಾಟಿಫೈ ಎರಡೂ ತಮ್ಮ ಆ್ಯಪ್‌ನಲ್ಲಿ ಕೇಳಿದವರದ್ದು ತೋರಿಸುತ್ತವೆ. ಮೊದಲ ನಿಮಿಷದ ಇಳಿತಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲ್ಲ, ಹೆಸರು ನೋಡಿ ಒತ್ತಿ ‘ಇದು ನನಗಲ್ಲ’ ಅಂತ ಹೋಗುವವರು ಎಲ್ಲರಿಗೂ ಇರುತ್ತಾರೆ. ನಾನು ಹುಡುಕೋದು ನಡುವಿನ ಗುಂಡಿಗಳನ್ನು. ಆ ನಿಮಿಷಕ್ಕೆ ಹೋಗಿ ಕೇಳಿದರೆ ಬಹುತೇಕ ಸಲ ಸಿಗೋದು ಒಂದೇ: ಅದಕ್ಕೆ ಸ್ವಲ್ಪ ಮುಂಚೆ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿದೆ, ಹೊಸದು ಎದ್ದಿಲ್ಲ. ಜಾಹೀರಾತು ಇದ್ದರೆ ಅದನ್ನೂ ಅಂಥ ಜಾಗದಲ್ಲಿ ಹಾಕಲ್ಲ. ಹೊಸ ಪ್ರಶ್ನೆ ಎದ್ದ ಮೇಲೆ ಹಾಕುತ್ತೇನೆ.

ಸೌಂಡ್ ಬಗ್ಗೆ ಎರಡೇ ಮಾತು. ಒಬ್ಬರ ದನಿ ಜೋರು, ಇನ್ನೊಬ್ಬರದು ಸಣ್ಣ ಆದರೆ ಎಂಥ ಜೋಡಣೆಯೂ ಕೆಲಸ ಮಾಡಲ್ಲ. ಇಬ್ಬರನ್ನೂ ಸರಿದೂಗಿಸಿ, ಪೂರ್ತಿ ಫೈಲನ್ನು ಆಪಲ್ ಹೇಳುವ ಮೈನಸ್ 16 ಎಲ್‌ಯುಎಫ್‌ಎಸ್ (ದನಿ ಒಟ್ಟಾರೆ ಎಷ್ಟು ಜೋರಾಗಿ ಕೇಳುತ್ತೆ ಅನ್ನೋದರ ಅಳತೆ) ಹತ್ತಿರ ತರುತ್ತೇನೆ. ಆದರೆ ಮೌನವನ್ನೆಲ್ಲ ಕತ್ತರಿಸಲ್ಲ. ‘ನಿಮ್ಮ ಮನೆಯವರು ಲಿಫ್ಟಲ್ಲಿ ಹೋಗುವಾಗ ನಿಮಗೇನನಿಸುತ್ತೆ?’ ಅಂತ ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ನಕ್ಕರು. ಅದನ್ನು ಮುಟ್ಟಲಿಲ್ಲ.

ಇನ್ನು ಎಪಿಸೋಡ್ ಮುಗಿಸೋದು. ‘ಇಷ್ಟು ಹೊತ್ತು ಕೇಳಿದ್ದಕ್ಕೆ’ ಅಂತ ಬಾಯಿ ತೆಗೆದ ಕೂಡಲೇ ಜನ ಎದ್ದು ಹೋಗುತ್ತಾರೆ, ಅದು ಗ್ರಾಫಲ್ಲೂ ಗೋಡೆಯ ಹಾಗೆ ನೆಟ್ಟಗೆ ಇಳಿಯುತ್ತೆ. ಹಾಗಾಗಿ ಮುಂದಿನ ಎಪಿಸೋಡ್‌ನ ಒಂದು ಮಾತನ್ನು ಧನ್ಯವಾದಕ್ಕಿಂತ ಮುಂಚೆಯೇ ಕೇಳಿಸಿಬಿಡುತ್ತೇನೆ. ಫಾಲೋ ಮಾಡಿ, ಶೇರ್ ಮಾಡಿ ಅನ್ನೋದೆಲ್ಲ ಅದಾದ ಮೇಲೆ. ಕೇಳುವವರು ಕೇಳಲಿ.