ಮೊದಲ ರಾತ್ರಿ ಅಂಗಳದಲ್ಲೇ ಇರಲಿ

ಬೈಕ್ ಉಂಟು, ಟೆಂಟ್ ತರಿಸಿ ಆಯ್ತು, ಡಿಸೆಂಬರ್‌ನಲ್ಲಿ ಐದು ದಿನ ರಜೆಯೂ ಸಿಕ್ಕಿದೆ. ಉಡುಪಿಯಿಂದ ಹೊರಟು ಆಗುಂಬೆ ಹತ್ತಿ, ತೀರ್ಥಹಳ್ಳಿ, ಶಿವಮೊಗ್ಗ ದಾಟಿ ಹಂಪಿಯವರೆಗೆ ಒಬ್ಬರೇ ಹೋಗಿ ಬರುವ ಆಸೆ. ಹೋಗಿ ಬನ್ನಿ. ಆದರೆ ಟೆಂಟ್‌ನಲ್ಲಿ ಮಲಗುವ ಮೊದಲ ರಾತ್ರಿ ದಾರಿಯಲ್ಲಿ ಬೇಡ, ಮನೆಯ ಅಂಗಳದಲ್ಲಿರಲಿ.

ನಾನು ಹಾಗೆ ಮಾಡಿದಾಗ ಅಮ್ಮ, "ಒಳಗೆ ಮಂಚ ಉಂಟಲ್ಲ ಮಾರಾಯ, ಇದೆಂತ ಅವಸ್ಥೆ ನಿಂದು?" ಎಂದು ನಕ್ಕಿದ್ದರು. ಕತ್ತಲೆಯಲ್ಲಿ ಹಾಕಲು ಬರುತ್ತದಾ ನೋಡುವ ಅಂತ ಬೇಕೆಂದೇ ಲೈಟ್ ಆಫ್ ಮಾಡಿದ್ದೆ. ಮುಕ್ಕಾಲು ಗಂಟೆ ಹಿಡಿಯಿತು. ಮುರಕಲ್ಲಿನ ನೆಲಕ್ಕೆ ಗೂಟ ಇಳಿಯಲೇ ಇಲ್ಲ, ಎರಡು ಬಗ್ಗಿಯೂ ಹೋದವು. ಕೊನೆಗೆ ಹಗ್ಗವನ್ನು ಕಲ್ಲಿಗೆ ಸುತ್ತಿ ಕಟ್ಟಿದೆ. ನಡುರಾತ್ರಿ ಮುಖದ ಮೇಲೆ ತಣ್ಣಗೆ ಒಂದು ಹನಿ. ಮಳೆಯೂ ಇಲ್ಲ, ಗಾಳಿಯೂ ಇಲ್ಲ. ಜಿಪ್ ಪೂರ್ತಿ ಎಳೆದು ಮಲಗಿದ್ದರಿಂದ ನನ್ನ ಉಸಿರಿನ ಹಸಿಯೇ ಮೇಲಿನ ಬಟ್ಟೆಗೆ ಹಿಡಿದು ತೊಟ್ಟಿಕ್ಕುತ್ತಿತ್ತು. ಟೆಂಟ್‌ನ ಕಿಟಕಿ ಎಷ್ಟು ಚಳಿಯಾದರೂ ಸ್ವಲ್ಪ ತೆರೆದಿರಬೇಕು ಎಂದು ಆಗ ಗೊತ್ತಾಯಿತು. ಕೆಳಗೆ ಹಾಸುವ ಶೀಟ್ ಟೆಂಟ್‌ನಿಂದ ಹೊರಗೆ ಚಾಚಿರಬಾರದು. ಚಾಚಿದರೆ ಮಳೆನೀರು ಅದರ ಮೇಲೆ ಬಿದ್ದು ಸೀದಾ ನಿಮ್ಮ ಬೆನ್ನಿನಡಿಗೆ ಬರುತ್ತದೆ. ಹಾಂ, ಟೆಂಟ್ ಹಾಕುವ ಮೊದಲು ತಲೆ ಎತ್ತಿ ಮೇಲೆ ನೋಡಿ. ನಮ್ಮ ಊರಲ್ಲಿ ಎಲ್ಲಿ ನಿಂತರೂ ಒಂದು ತೆಂಗಿನಮರ ಇದ್ದೇ ಇರುತ್ತದೆ. ಕಾಯಿ ಬಿಡಿ, ಒಂದು ಒಣ ಮಡಲು ಬಿದ್ದರೂ ಸಾಕು.

ಬೈಕ್ ಮತ್ತು ಹೊರೆ

ಸರ್ವಿಸ್ ಹೊರಡುವ ಹಿಂದಿನ ದಿನ ಬೇಡ, ಒಂದು ವಾರ ಮೊದಲೇ ಮಾಡಿಸಿ. ಆಮೇಲೆ ನಾಲ್ಕು ದಿನ ಓಡಿಸಿದರೆ ಏನಾದರೂ ಸಡಿಲ ಉಳಿದಿದ್ದರೆ ಊರಲ್ಲೇ ತಿಳಿಯುತ್ತದೆ. ಕಡಲ ಬದಿಯ ಉಪ್ಪುಗಾಳಿಗೆ ಚೈನ್ ಬೇಗ ತುಕ್ಕು ಹಿಡಿಯುತ್ತದೆ. ತೊಳೆದು ಲ್ಯೂಬ್ ಹಾಕಿ. ದಾರಿಯಲ್ಲೂ ಸುಮಾರು 500 ಕಿ.ಮೀ.ಗೆ ಒಮ್ಮೆ ಹಾಕಬೇಕು. ಒಂದು ಕ್ಲಚ್ ಕೇಬಲ್, ಪಂಕ್ಚರ್ ಕಿಟ್, ಪುಟ್ಟ ಪಂಪ್ ಜೊತೆಗಿರಲಿ. ಕಿಟ್ ಇದ್ದರೆ ಸಾಲದು, ಹಳೇ ಟಯರಿಗೆ ಮೊಳೆ ಹೊಡೆದು ಒಮ್ಮೆ ನೀವೇ ಪಂಕ್ಚರ್ ಹಾಕಿ ನೋಡಿ.

ಸಾಮಾನು ಕಟ್ಟುವುದರಲ್ಲಿ ಅರ್ಧ ಪ್ರಯಾಣವೇ ಉಂಟು. ಭಾರದ್ದು ಕೆಳಗೆ, ನಿಮ್ಮ ಸೊಂಟಕ್ಕೆ ಹತ್ತಿರ. ಎಡ ಬಲ ಚೀಲಗಳು ಒಂದೇ ತೂಕ. ಟೆಂಟ್ ಮತ್ತು ಹಾಸಿಗೆ ಹಗುರ, ಅವು ಹಿಂದಿನ ಸೀಟಿನ ಮೇಲೆ ಅಡ್ಡಕ್ಕೆ. ರೇನ್‌ಕೋಟ್ ಎಲ್ಲಕ್ಕಿಂತ ಮೇಲೆ. ಸೈಲೆನ್ಸರ್ ಬದಿಯ ಚೀಲ ಜೋತು ಬೀಳದಂತೆ ಕಟ್ಟಿ. ಒಮ್ಮೆ ಹೆಬ್ರಿ ತಲುಪುವಾಗ ಸುಟ್ಟ ವಾಸನೆ ಬಂತು. ಇಂಜಿನ್ನೇ ಹೋಯಿತು ಅಂದುಕೊಂಡು ಇಳಿದರೆ ನನ್ನ ಪ್ಯಾಂಟು! ಹೊರೆ ಜಾಸ್ತಿಯಾದಾಗ ಹಿಂದಿನ ಚಕ್ರಕ್ಕೆ ಗಾಳಿಯೂ ಜಾಸ್ತಿ ಬೇಕು. ಎಷ್ಟೆಂದು ಬೈಕಿನ ಪುಸ್ತಕದಲ್ಲಿ ಬರೆದಿರುತ್ತದೆ.

ಹೀಗೆ ಎಲ್ಲ ಕಟ್ಟಿಕೊಂಡು ಒಂದು ಭಾನುವಾರ ಮರವಂತೆಗೆ ಹೋಗಿ ಬನ್ನಿ, ಉಡುಪಿಯಿಂದ ಸುಮಾರು 50 ಕಿ.ಮೀ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಅಲ್ಲಿನ ಅಡ್ಡಗಾಳಿ ಹೊರೆ ಹೊತ್ತ ಬೈಕನ್ನು ಹೇಗೆ ತಳ್ಳುತ್ತದೆ ಅಂತ ಕೈಗೆ ಗೊತ್ತಾಗಬೇಕು. ಹೊರಟು ಹತ್ತು ಕಿ.ಮೀ. ಆದಮೇಲೆ ನಿಲ್ಲಿಸಿ ಹಗ್ಗ ಎಳೆದು ನೋಡಿ, ಸಡಿಲ ಆಗಿಯೇ ಇರುತ್ತದೆ. ಮರಳಲ್ಲಿ ನಿಲ್ಲಿಸುವಾಗ ಸೈಡ್ ಸ್ಟ್ಯಾಂಡಿನಡಿ ಒಂದು ಚಪ್ಪಟೆ ಕಲ್ಲು ಇಡಿ. ಬಂದು ಮನೆಯಲ್ಲಿ ಚೀಲ ಬಿಚ್ಚಿ, ಮುಟ್ಟದೇ ಉಳಿದದ್ದನ್ನೆಲ್ಲ ತೆಗೆದಿಡಿ. ಸ್ವೆಟರ್ ಮಾತ್ರ ತೆಗೆಯಬೇಡಿ. ಕರಾವಳಿಯ ನಾವು ಸ್ವೆಟರ್ ನೋಡಿದರೇ ಬೆವರುವವರು. ಆದರೆ ಡಿಸೆಂಬರ್ ರಾತ್ರಿ ಘಟ್ಟದ ಮೇಲಿನ ಚಳಿ ಬೇರೆಯೇ.

ದಾರಿ

ದಿನಕ್ಕೆ 200-250 ಕಿ.ಮೀ. ಸಾಕು. ಬೆಳಗ್ಗೆ ಆರಕ್ಕೆ ಹೊರಡಿ, ನಾಲ್ಕಕ್ಕೆ ಜಾಗ ಹುಡುಕಲು ಶುರು ಮಾಡಿ. ಘಟ್ಟ ಹತ್ತುವ ಮೊದಲು ಟ್ಯಾಂಕ್ ತುಂಬಿಸಿ, ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ. ಕಾಡಿನೊಳಗೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಹತ್ತಿದ ಗೇರಲ್ಲೇ ಇಳಿಯಬೇಕು. ಬ್ರೇಕನ್ನೇ ಒತ್ತುತ್ತಾ ಬಂದರೆ ಅದು ಕಾದು ಹಿಡಿತ ಬಿಡುತ್ತದೆ.

ಆರ್‌ಸಿ, ಲೈಸೆನ್ಸ್, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ.

ಎಲ್ಲಿ ಮಲಗುವುದು?

ಚಂದ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ಆಗುಂಬೆಯ ಕೆಳಗೆ ಸೋಮೇಶ್ವರ ಅಭಯಾರಣ್ಯ, ಆಚೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿದರೆ ಕೇಸು. ಹಂಪಿಯ ಸ್ಮಾರಕಗಳ ನಡುವೆಯೂ ಬೇಡ. ನನಗೆ ಹಿಡಿಸಿದ್ದು ಹೋಂಸ್ಟೇಗಳ ಅಂಗಳ ಅಥವಾ ತೋಟದ ಮನೆ. ಬೆಳಕಿರುವಾಗಲೇ ಹೋಗಿ, ಹೆಲ್ಮೆಟ್ ತೆಗೆದು, ಊರು ಹೇಳಿ, "ಇಲ್ಲೊಂದು ಟೆಂಟ್ ಹಾಕ್ಲಾ ಅಣ್ಣಾ?" ಎಂದು ಕೇಳಿ. ಕತ್ತಲಾದ ಮೇಲೆ ಹೆಲ್ಮೆಟ್ ಹಾಕಿಕೊಂಡೇ ಗೇಟು ತಟ್ಟಿದರೆ ನಾಯಿ ಮಾತ್ರ ಮಾತಾಡಿಸುತ್ತದೆ. ಟೆಂಟ್‌ನೊಳಗೆ ಸ್ಟವ್ ಹಚ್ಚಲೇಬೇಡಿ. ಬೆಂಕಿಗಿಂತ ಕಾರ್ಬನ್ ಮೊನಾಕ್ಸೈಡ್ ಅಪಾಯ, ಅದಕ್ಕೆ ವಾಸನೆಯೂ ಇಲ್ಲ.

ಒಬ್ಬರೇ ಹೋಗುವಾಗ ಮನೆಯ ಒಬ್ಬರಿಗಾದರೂ ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ. ರಕ್ತದ ಗುಂಪು ಮತ್ತು ಮನೆಯ ನಂಬರ್ ಬರೆದ ಚೀಟಿ ಅಂಗಿಯ ಜೇಬಲ್ಲಿರಲಿ. ಫೋನ್ ಲಾಕ್ ಆಗಿದ್ದರೆ ಬೇರೆಯವರಿಗೆ ಅದೊಂದೇ ದಾರಿ. ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033.

ಬೆಳಗ್ಗೆ ಇಬ್ಬನಿಗೆ ಒದ್ದೆಯಾದ ಟೆಂಟನ್ನು ಹಾಗೇ ಸುತ್ತಬೇಕಾಗುತ್ತದೆ. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಲ್ಲಿ ಬೈಕಿನ ಮೇಲೆ ಹರಡಿ ಒಣಗಿಸಿ. ಮನೆಗೆ ಬಂದ ಮೇಲೂ ಸೀದಾ ಅಟ್ಟಕ್ಕೆ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ. ಎರಡು ಬಿಸಿಲು ಬೇಕೇ ಬೇಕು. ನಮ್ಮಲ್ಲಿ ಅದು ಅಡಿಕೆಯ ಪಕ್ಕದಲ್ಲಿ ಒಣಗುತ್ತದೆ, ಅಂಗಳದ ಅರ್ಧ ಜಾಗ ಹೋಯಿತೆಂದು ಅಮ್ಮನ ಗೊಣಗಾಟ.