ಅಂಟಿಸಿದ 500ರ ನೋಟುಗಳ ಮೂಲ ಹಿಡಿದ ಬಗೆ: ನನ್ನ ಅನುಭವ

ಅಂಟಿಸಿದ ನೋಟಿನ ನಂಬರ್ ಬರೆದಿಟ್ಟುಕೊಂಡರೆ ಕಳ್ಳ ಸಿಕ್ಕಿಬಿಡ್ತಾನಾ ಅಂತ ನಕ್ಕವರು ಈಗ ಸುಮ್ಮನಾಗಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನಂತೆ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವರಿಗೆ ಗೊತ್ತು, ಇದು ಖೋಟಾ ನೋಟಿನ ಕಥೆಯಲ್ಲ. ಕಾಗದ ಅಸಲಿ, ದಾರ ಅಸಲಿ, ಯುವಿ ದೀಪದಡಿ ಎಲ್ಲ ಸರಿ. ಆದರೆ ಎಡಭಾಗ ಒಂದು ನೋಟಿನದು, ಬಲಭಾಗ ಇನ್ನೊಂದರದು, ನಡುವೆ ಟೇಪು. ಹೀಗೆ ಪ್ರತಿ ನೋಟಿನಿಂದ ಸ್ವಲ್ಪ ಸ್ವಲ್ಪ ಕದ್ದು ಹೆಚ್ಚುವರಿ ನೋಟು ಮಾಡುತ್ತಾರೆ. ಮೇಲೆ ಎಡಗಡೆ ಒಂದು ನಂಬರ್, ಕೆಳಗೆ ಬಲಗಡೆ ಬೇರೆ ನಂಬರ್. ಎಣಿಸುವ ಮಷೀನು ಸಲೀಸಾಗಿ ಬಿಡುತ್ತದೆ. ಕರೆನ್ಸಿ ಚೆಸ್ಟ್‌ಗೆ, ಅಂದರೆ ಶಾಖೆಗಳ ಹೆಚ್ಚಿನ ನಗದು ಸೇರುವ ಖಜಾನೆಗೆ, ಹೋದ ಮೇಲೆ ಸಾರ್ಟಿಂಗ್ ಮಷೀನು ಹೊರಗೆ ಎಸೆಯುತ್ತದೆ. ಆ ಕೊರತೆ ಯಾರ ತಲೆಗೆ? ಪ್ಯಾಕೆಟ್‌ಗೆ, ಅಂದರೆ ನೂರು ನೋಟಿನ ಕಂತೆಗೆ, ಸುತ್ತುವ ಸ್ಲಿಪ್ ಮೇಲೆ ಸಹಿ ಹಾಕಿದವನ ತಲೆಗೆ. ಒಂದು ವರ್ಷದಲ್ಲಿ ನನ್ನ ಕೈಯಿಂದ ಹೆಚ್ಚುಕಡಿಮೆ ಎಂಟು ಸಾವಿರ ಹೋಯಿತು.

"ಅರ್ಧ ಬೆಲೆಯಾದರೂ ಸಿಗುತ್ತಲ್ಲ" ಅಂದರು ಮೇಲಿನವರು. ರಿಸರ್ವ್ ಬ್ಯಾಂಕಿನ ನಿಯಮದಂತೆ 50 ರೂಪಾಯಿ ಮತ್ತು ಮೇಲಿನ ನೋಟಿನಲ್ಲಿ ಒಂದೇ ದೊಡ್ಡ ತುಂಡು ಶೇ. 80 ದಾಟಿದರೆ ಪೂರ್ತಿ, 40ರಿಂದ 80 ಇದ್ದರೆ ಅರ್ಧ, ನಿಜ. ಆದರೆ ಬೇಕಂತಲೇ ಕತ್ತರಿಸಿದ ನೋಟಿನ ಕ್ಲೇಮು ತಿರಸ್ಕಾರ ಅಂತಲೂ ಅದೇ ನಿಯಮದಲ್ಲಿದೆ. ಇವುಗಳ ಅಂಚು ಬ್ಲೇಡ್ ಹಾಕಿದಷ್ಟು ನೇರ. ಹರಿದ ನೋಟಿನ ಅಂಚಿನಲ್ಲಿ ನಾರು ಎದ್ದಿರುತ್ತದೆ, ಅಲ್ವಾ?

ಮೊದಲು ಯಾರು ಹೆಚ್ಚು ತರುತ್ತಾರೆ ಅಂತ ಎಣಿಸಿದೆವು. ಒಂದು ಪೆಟ್ರೋಲ್ ಬಂಕ್ ಮುಂದಿತ್ತು. ಎಲ್ಲರ ಕಣ್ಣೂ ಅದರ ಮೇಲೆ. ಆದರೆ ಬಂಕಿನವರು ದಿನಾ ಕಟ್ಟುವ ಕ್ಯಾಷ್ ಎಷ್ಟು? ಲಕ್ಷಕ್ಕೆ ಎಷ್ಟು ಅಂಟಿಸಿದ ನೋಟು ಅಂತ ಭಾಗಿಸಿದರೆ ಅವರು ಉಳಿದವರಂತೆಯೇ. ಊರಿನ ದುಡ್ಡೆಲ್ಲ ಹಾದುಹೋಗುವ ಜಾಗದಲ್ಲಿ ಕೆಟ್ಟ ನೋಟೂ ಹಾದುಹೋಗುತ್ತದೆ, ಅಷ್ಟೇ. ತಿಂಗಳುಗಟ್ಟಲೆ ಶ್ರಮ ನೀರಿಗೆ ಹೋಯಿತು.

ತೂಕವನ್ನೂ ನೋಡಿದೆ. ನೋಟು ಹೆಚ್ಚುಕಡಿಮೆ ಒಂದು ಗ್ರಾಂ, ಟೇಪು ಇದ್ದರೆ ಪ್ಯಾಕೆಟ್ ಭಾರವಾಗಬೇಕು. ಇದಕ್ಕಂತ ಸಾವಿರದ ಮೇಲೆ ಕೊಟ್ಟು ಪುಟ್ಟ ತಕ್ಕಡಿ ತಂದೆ. ಕೊಳೆ ಮತ್ತು ಮಳೆಗಾಲದ ತೇವ ಅದಕ್ಕಿಂತ ಜಾಸ್ತಿ ತೂಗಿದವು. ಈಗ ಅದು ಅಡುಗೆಮನೆಯಲ್ಲಿದೆ.

ಉದ್ದ ಮಾತ್ರ ಉಪಯೋಗಕ್ಕೆ ಬಂತು. 500ರ ನೋಟು 150 ಮಿ.ಮೀ. ನೂರು ನೋಟನ್ನು ಮೇಜಿಗೆ ಕುಟ್ಟಿ ಒಂದು ಅಂಚು ಸಮ ಮಾಡಿ, ಇನ್ನೊಂದು ಅಂಚಿಗೆ ಟಾರ್ಚ್ ಓರೆಯಾಗಿ ಹಿಡಿಯಿರಿ. ಅಂಟಿಸಿದ್ದು ಸ್ವಲ್ಪ ಗಿಡ್ಡ ಇರುತ್ತದೆ, ಅದರ ಜಾಗದಲ್ಲಿ ಕಪ್ಪು ಗೀರು ಕಾಣುತ್ತದೆ. ಪ್ಯಾಕೆಟ್‌ಗೆ ಅರ್ಧ ನಿಮಿಷವೂ ಬೇಡ. ಇನ್ನೂ ಬೇಗ ಹಿಡಿಯುವ ಒಂದು ಗುರುತಿದೆ, ಅದನ್ನು ಇಲ್ಲಿ ಹಾಕುವುದಿಲ್ಲ. ಓದುವವರಲ್ಲಿ ಬ್ಲೇಡ್ ಹಿಡಿದವರೂ ಇರಬಹುದು.

ಅಸಲು ಕೆಲಸ ನಂಬರಿನದು. ಪ್ರತಿ ನೋಟಿನ ಎಡದ ನಂಬರ್, ಬಲದ ನಂಬರ್, ತಂದವರು, ತಾರೀಕು, ಇಷ್ಟನ್ನು ಎಕ್ಸೆಲ್‌ಗೆ ಹಾಕುತ್ತಾ ಹೋದೆ. ಮೂರ್ನಾಲ್ಕು ತಿಂಗಳು ಏನೂ ಇಲ್ಲ. ಆಮೇಲೆ ಒಂದು ನೋಟಿನ ಬಲದ ನಂಬರ್ ಇನ್ನೊಂದರ ಎಡದಲ್ಲಿ ಸಿಕ್ಕಿತು. ಅದರ ಬಲದ್ದು ಮತ್ತೊಂದರ ಎಡದಲ್ಲಿ. ಅಂದರೆ ಒಂದೇ ಮೇಜಿನ ಮೇಲೆ, ಸಾಲಾಗಿ ಕತ್ತರಿಸಿ ಜೋಡಿಸಿದ್ದು. ಸರಪಳಿ ಸಿಕ್ಕಿತು.

ಆದರೆ ಸರಪಳಿಯಿಂದ ಜಾಗ ಗೊತ್ತಾಗಬೇಕಲ್ಲ. ಇಲ್ಲಿ ನನ್ನ ತಲೆ ಓಡಿತು ಅಂತ ಹೇಳಿಕೊಳ್ಳಲು ನಾಚಿಕೆಯಿಲ್ಲ. ಒಟ್ಟಿಗೆ ಹುಟ್ಟಿದ ನೋಟುಗಳು ಕೈ ಬದಲಾದಷ್ಟೂ ದೂರವಾಗುತ್ತವೆ. ಹಾಗಾಗಿ ಅಕ್ಕಪಕ್ಕದ ಕೊಂಡಿಗಳು ಒಂದೇ ಪ್ಯಾಕೆಟ್‌ನಲ್ಲಿ ಬಂದರೆ ಆ ಕೈ ಮೂಲಕ್ಕೆ ಹತ್ತಿರ. ಎಷ್ಟು ನೋಟು ಅನ್ನುವ ಲೆಕ್ಕ ಬಿಟ್ಟು, ಜೋಡಿ ಎಲ್ಲಿ ಬರುತ್ತಿವೆ ಅಂತ ಮಾತ್ರ ನೋಡಿದೆ. ಬಂಕಿನಲ್ಲಿ ಒಂದೂ ಜೋಡಿ ಇಲ್ಲ. ವಾರಕ್ಕೊಮ್ಮೆ ಸಣ್ಣ ಮೊತ್ತ ಕಟ್ಟುವ ಒಬ್ಬ ವ್ಯಾಪಾರಿಯ ಹಣದಲ್ಲಿ ಐದಾರು ಜೋಡಿ!

ಅವರ ತಪ್ಪೇನಿಲ್ಲ. ಹರಿದ ನೋಟುಗಳನ್ನು ಕಮಿಷನ್ ಕೊಟ್ಟು ಬದಲಿಸಿಕೊಳ್ಳುತ್ತಿದ್ದರು. ಬದಲಿಸಿ ಕೊಡುವವನು ವಾಪಸ್ ಕೊಡುತ್ತಿದ್ದ ಕಂತೆಯಲ್ಲೇ ಇವು ಸೇರಿರುತ್ತಿದ್ದವು. ಶೀಟ್ ಪ್ರಿಂಟ್ ತೆಗೆದು ಮ್ಯಾನೇಜರ್ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿ, ಪೊಲೀಸರಿಗೆ ಪತ್ರ ಬರೆದರು. ಅದಾದ ಮೇಲೆ ಹೊಸ ಸರಪಳಿ ಕಂಡಿಲ್ಲ. ಹಳೇ ನೋಟು ಆಗಾಗ ಒಂದೊಂದು ತೇಲಿ ಬರುತ್ತದೆ.

ಮಾಡಲು ಹೊರಟವರಿಗೆ ಒಂದು ಮಾತು: ನಂಬರಿನ ಶುರುವಿನಲ್ಲಿರುವ ಒಂದು ಅಂಕಿ, ಎರಡು ಅಕ್ಷರಗಳನ್ನೂ ತಪ್ಪದೆ ಬರೆಯಿರಿ. ಬರೀ ಆರು ಅಂಕಿ ಬರೆದರೆ ಸುಳ್ಳು ಜೋಡಿಗಳು ಹುಟ್ಟುತ್ತವೆ. ನನ್ನ ಎಂಟು ಸಾವಿರಕ್ಕೆ ಅರ್ಜಿ ಹಾಕಿದ್ದೇನೆ, ಇನ್ನೂ ಪರಿಶೀಲನೆಯಲ್ಲಿದೆಯಂತೆ.